ಉತ್ತರ ಗೊತ್ತಿದ್ದೂ ಹೇಳದ ಶಾದ್ಲಿಯಾ

ಬೆಳಗಿನ ಆರೂವರೆ. ಕಡಲತೀರದ ಗಾಬೆಸ್ ಪಟ್ಟಣದ ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಶಾದ್ಲಿಯಾ ಒಬ್ಬರೇ ಇದ್ದಾರೆ. ಕಡಲ ಗಾಳಿಗೆ ತುಕ್ಕು ಹಿಡಿಯುವ ಸ್ಪ್ಯಾನರುಗಳಿಗೆ ಎಣ್ಣೆಬಟ್ಟೆ ಸವರಿ ಏಳು ಮೇಜುಗಳ ಮೇಲೆ ಜೋಡಿಸುತ್ತಿದ್ದಾರೆ. ಎಂಟಕ್ಕೆ ನಲವತ್ತೆರಡು ವಿದ್ಯಾರ್ಥಿಗಳು ಬರುತ್ತಾರೆ. ಸಂಜೆ ಅಷ್ಟೂ ಸಾಮಾನು ಒಳಗಿಟ್ಟ ಮೇಲೆಯೇ ಶಾದ್ಲಿಯಾ ಮನೆಗೆ ಹೊರಡುವುದು.

ಅಪ್ಪ ಖರ್ಜೂರದ ತೋಟಗಳಲ್ಲಿ ಪಂಪು ರಿಪೇರಿ ಮಾಡುತ್ತಿದ್ದವರು. ಗಂಡ ಮೀನುದೋಣಿಯಿಂದ ಮರಳಿ ಬರದ ವರ್ಷ, ಹತ್ತೊಂಬತ್ತು ವರ್ಷಗಳ ಹಿಂದೆ, ಇವರು ಇಲ್ಲಿಗೆ ಸೇರಿದರು. "ಗುಡಿಸೋಕೆ ಅಂತ ಬಂದೋಳು ನಾನು. ಒಂದಿನ ಕೆಟ್ಟು ಕೂತಿದ್ದ ಲೇತು ಸರಿ ಮಾಡ್ದೆ. ಆವತ್ತಿಂದ ಪೊರಕೆ ಬೇರೆಯೋರ ಕೈಗೆ ಹೋಯ್ತು," ಎನ್ನುತ್ತಾರೆ.

ಹೋದ ವರ್ಷ ಲಸಾದ್ ಮೇಷ್ಟ್ರು ಕಲಿಸುವ ಕ್ರಮವನ್ನೇ ಬದಲಿಸಿದರು. ಮೊದಲು ಪಾಠವಿಲ್ಲ, ಮೊದಲು ಒಂದು ನಿಜವಾದ ಸಮಸ್ಯೆ. ಅದನ್ನು ಬಿಡಿಸಲು ಬೇಕಾದ ಪಾಠವನ್ನು ವಿದ್ಯಾರ್ಥಿಗಳೇ ಹುಡುಕಿಕೊಳ್ಳಬೇಕು. ಸಿಕ್ಕಿದ್ದು ಹತ್ತಿರದ ಶೆನಿನಿಯ ಖರ್ಜೂರದ ತೋಟದಲ್ಲಿ ವಾರಕ್ಕೊಮ್ಮೆ ಕೆಡುತ್ತಿದ್ದ ಪಂಪು. ವರ್ಕ್‌ಶಾಪಿಗೆ ತಂದು ಬಿಚ್ಚಿ ನೋಡಿದ ಮೊದಲ ದಿನವೇ ಶಾದ್ಲಿಯಾರಿಗೆ ಕಾರಣ ಹೊಳೆಯಿತು. ಆದರೆ ಮೇಷ್ಟ್ರ ಷರತ್ತು: ಹೇಳಕೂಡದು.

"ಪಾಠ ಮಾಡೋಕೆ ಬೇಜಾರು ಅಂತ ಮೇಷ್ಟ್ರು ಈ ಆಟ ಹೂಡಿದಾರೆ," ಎಂದಳು ಸಿರಿನ್ ಎಂಬ ವಿದ್ಯಾರ್ಥಿನಿ. ದೂರು ಹೆಚ್ಚಾದಾಗ ಕಾಲೇಜು ಎಲ್ಲ ವಿದ್ಯಾರ್ಥಿಗಳ ಅಭಿಪ್ರಾಯ ಬರೆಸಿಕೊಳ್ಳಲು ತೀರ್ಮಾನಿಸಿತು. ಬೇಡವೆಂದವರು ಹೆಚ್ಚಾದರೆ ಮತ್ತೆ ಹಳೆಯ ಕ್ರಮವೇ.

ಸಿರಿನ್ ಗುಂಪು ಮೂರು ಸಲ ಪಂಪಿನ ಸವೆದ ಚಕ್ರ ಬದಲಿಸಿತು. ಮೂರು ಸಲವೂ ಪಂಪು ತೋಟಕ್ಕೆ ಹೋಗಿ ಮತ್ತೆ ನಿಂತಿತು.

"ಚಿಕ್ಕಮ್ಮಾ, ನಿಮಗೆ ಗೊತ್ತಲ್ವಾ?" ಎಂದು ಸಿರಿನ್ ಶಾದ್ಲಿಯಾರನ್ನು ಕೇಳಿದಳು.

"ಗೊತ್ತು."

"ಮತ್ತೆ ಹೇಳ್ಬಾರ್ದಾ? ನಮ್ಮನ್ನ ನೋಡಿದ್ರೆ ಕನಿಕರ ಇಲ್ವಾ?"

"ನಾಲಿಗೆ ತುದಿಗೆ ಬಂದಿತ್ತು," ಎಂದು ಈಗ ನಗುತ್ತಾರೆ ಶಾದ್ಲಿಯಾ. "ಹೊರಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ್ಕೊಂಡೆ."

ಸಿಟ್ಟಿನಲ್ಲಿ ಸಿರಿನ್ ಪಂಪಿನೊಳಗಿನ ನೀರನ್ನು ತಟ್ಟೆಗೆ ಸುರಿದಳು. ನೀರು ತಿಳಿಯಾದಾಗ ತಳದಲ್ಲಿ ಮರಳು ಕಂಡಿತು. ಮರುದಿನವೇ ತೋಟಕ್ಕೆ ಹೋಗಿ ಬಾವಿಗೆ ಹಗ್ಗ ಇಳಿಬಿಟ್ಟು ಅಳೆದಳು. ಕೊಳವೆಯ ಬಾಯಿ ತಳದಿಂದ ಗೇಣಷ್ಟೇ ಮೇಲಿದ್ದು ನೀರಿನ ಜೊತೆ ಮರಳನ್ನೂ ಎಳೆಯುತ್ತಿತ್ತು. ಅದನ್ನು ಮೇಲೆತ್ತಿ ಜರಡಿ ಕಟ್ಟಿದ ಮೇಲೆ ಪಂಪು ಒಮ್ಮೆಯೂ ಕೆಟ್ಟಿಲ್ಲ.

ಇಪ್ಪತ್ತಮೂರು ಮಂದಿ ಹೊಸ ಕ್ರಮ ಇರಲಿ ಎಂದು ಬರೆದರು, ಹತ್ತೊಂಬತ್ತು ಮಂದಿ ಬೇಡವೆಂದರು. "ಕಷ್ಟ, ಹೊತ್ತು ಹಿಡಿಯುತ್ತದೆ, ಪರೀಕ್ಷೆಯ ಭಯವೂ ಇದೆ. ಆದರೂ ಇರಲಿ," ಎಂದು ಬರೆದವಳು ಸಿರಿನ್. "ಗುಂಪಿನಲ್ಲಿ ದುಡಿಯುವವರು ಇಬ್ಬರು, ಅಂಕ ಆರು ಜನಕ್ಕೆ," ಎಂದು ಬೇಡವೆಂದ ಹುಡುಗನೊಬ್ಬ ಬರೆದದ್ದೂ ಸುಳ್ಳಲ್ಲ ಎನ್ನುತ್ತಾರೆ ಶಾದ್ಲಿಯಾ. ಯಾವ ಮೇಜಿನಲ್ಲಿ ಯಾರು ಕೈ ಕಟ್ಟಿ ಕೂತಿದ್ದರೆಂದು ಕಂಡವರು ಅವರೇ.

ಅಭಿಪ್ರಾಯದ ಹಾಳೆ ಅವರ ಕೈಗೆ ಯಾರೂ ಕೊಡಲಿಲ್ಲ. ಕೊಟ್ಟಿದ್ದರೆ ಏನು ಬರೆಯುತ್ತಿದ್ದರು?

"ಮುಂದಿನ ಸಲ ನನಗೂ ಉತ್ತರ ಗೊತ್ತಿಲ್ಲದ್ದು ತನ್ನಿ ಅಂತ. ಆಗ ನಾನೂ ಒಂದು ಮೇಜಲ್ಲಿ ಅವರ ಜೊತೆ ಕೂತ್ಕೋಬಹುದು."