ಕರೆಂಟ್ ಬಿಲ್ಲಿನ ಸರದಿ

ಆ ಮನೆಗೆ ಇದ್ದದ್ದು ಒಂದೇ ಮೀಟರು. ಕೆಳಗೆ ತಮ್ಮ, ಮೇಲೆ ಅಕ್ಕ. ತಮ್ಮನನ್ನು ಬೀದಿಯವರೆಲ್ಲ ಸೋಫಾದವನು ಎಂದೇ ಕರೆಯುತ್ತಿದ್ದರು. ಹಳೇ ಸೋಫಾಗಳ ಹೊಟ್ಟೆ ಬಗೆದು, ಹೊಸ ಸ್ಪಂಜು ತುಂಬಿ, ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು ಅವನ ಕಸುಬು. ಮದುವೆ ಅವನಿಗೆ ಕೂಡಿಬರಲಿಲ್ಲ. ಕೂಡಿಬಂದಿದ್ದರೂ ಹೆಂಡತಿಯ ಜೊತೆ ಮಾತಾಡುತ್ತಿದ್ದನೋ ಇಲ್ಲವೋ, ಯಾಕೆಂದರೆ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿ ತುಂಬ ಸಣ್ಣ ಮೊಳೆಗಳಿರುತ್ತಿದ್ದವು. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿಕೊಂಡು ಹೊಡೆಯುವುದು ಅವನ ಅಭ್ಯಾಸ. ಗಿರಾಕಿಗಳು ಕೇಳಿದ್ದಕ್ಕೆ ತಲೆಯಾಡಿಸಿದರೆ ವ್ಯವಹಾರ ಮುಗಿಯಿತು.

ಅಕ್ಕ ತಮ್ಮ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರಣ ಅಮ್ಮ. ಹಾಸಿಗೆ ಹಿಡಿದ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವನು, ಚಮಚದಲ್ಲಿ ತಿನ್ನಿಸಿದವನು ಅವನೇ. ಅಂಥವನ ಎದುರಿಗೆ, ಅಮ್ಮ ತೀರಿಕೊಂಡ ದಿನ, ನೆಂಟರಿಷ್ಟರೆಲ್ಲ ಕೇಳುವ ಹಾಗೆ ಅಕ್ಕ ಅಳುತ್ತ ಅಂದುಬಿಟ್ಟಳು: "ನನ್ನಮ್ಮನ್ನ ಹಸಿದ ಹೊಟ್ಟೇಲಿ ಕಳಿಸ್ಬಿಟ್ಟ ಇವನು." ದುಃಖದಲ್ಲಿ ಆಡಿದ ಮಾತು ಎಂದು ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರೇನೋ. ಇವನು ಬಿಡಲಿಲ್ಲ. ಅಕ್ಕ ಬಂದು ಆ ಮಾತು ವಾಪಸ್ ತೆಗೆದುಕೊಳ್ಳುವ ತನಕ ಮೆಟ್ಟಿಲು ತುಳಿಯುವುದಿಲ್ಲ ಎಂದು ಪಟ್ಟು ಹಿಡಿದ. ಅಕ್ಕನದೂ ಅದೇ ರಕ್ತ. ಅವಳೂ ಇಳಿದು ಬರಲಿಲ್ಲ.

ಆದರೆ ಕರೆಂಟಿಗೆ ಮುನಿಸು ಗೊತ್ತಾಗುವುದಿಲ್ಲವಲ್ಲ. ಬಿಲ್ಲು ಬರುತ್ತಲೇ ಇತ್ತು. ಯಾರೂ ಯಾರಿಗೂ ಹೇಳದೆ ಒಂದು ಪದ್ಧತಿ ತಾನಾಗಿ ಬೆಳೆಯಿತು. ಒಂದು ತಿಂಗಳು ಅವಳು ಕಟ್ಟುವುದು, ಮರು ತಿಂಗಳು ಇವನು. ಕಟ್ಟಿದವರು ರಸೀದಿಯನ್ನು ಮೀಟರಿನ ಪಕ್ಕದ ಮೊಳೆಗೆ ಚುಚ್ಚಿ ಹೋಗುವುದು. ಅಕ್ಕ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಚುಚ್ಚುತ್ತಿದ್ದಳು, ಇವನು ಹಾಗೇ ಬಿಡಿಸಿ. ಅವಳ ಸರದಿಯ ತಿಂಗಳಲ್ಲಿ ಮಡಿಸಿದ ಕಾಗದ ಕಂಡರೆ ಅವನಿಗೆ ಒಳಗೊಳಗೇ ಸಮಾಧಾನ. ಬದುಕಿದ್ದಾಳೆ, ಓಡಾಡಿಕೊಂಡಿದ್ದಾಳೆ, ಅಷ್ಟು ಸಾಕು. ಈ ಸಮಾಧಾನವನ್ನು ಅವನು ತನ್ನ ಮುಂದೆಯೂ ಒಪ್ಪಿಕೊಳ್ಳುತ್ತಿರಲಿಲ್ಲ ಬಿಡಿ.

ಹೋದ ವರ್ಷ ಈ ಪದ್ಧತಿ ಕೆಟ್ಟಿತು. ಇವನ ಸರದಿಯಲ್ಲಿ ಕೌಂಟರಿಗೆ ಹೋದರೆ ಆಗಲೇ ಕಟ್ಟಿ ಆಗಿದೆ ಎಂದರು. ಮೊಳೆಯ ಮೇಲೆ ನೋಡಿದರೆ ನಾಲ್ಕು ಮಡಿಕೆಯ ರಸೀದಿ. ಮುಂದೊಂದು ತಿಂಗಳು ಅವಳ ಸರದಿಯೇ ಆದರೂ ಕಟ್ಟಿರಲಿಲ್ಲ, ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋದ. ಸೋಫಾದವನಿಗೆ ಮೈಯೆಲ್ಲ ಉರಿದುಹೋಯಿತು. ನಿನ್ನ ಹಂಗು ಬೇಡ ಎಂದು ಒಮ್ಮೆ, ನೀನು ಕತ್ತಲಲ್ಲಿ ಬಿದ್ದಿರು ಎಂದು ಇನ್ನೊಮ್ಮೆ, ಬಾಯಿ ಬಿಡದೆಯೇ ಹೇಳುತ್ತಿದ್ದಾಳೆ ಎಂದುಕೊಂಡ. ಸೇಡು ತೀರಿಸಿಕೊಳ್ಳಲು ಅವಳ ಸರದಿಯನ್ನೂ ತಾನೇ ಮೊದಲು ಹೋಗಿ ಕಟ್ಟತೊಡಗಿದ. ಕೋಪಕ್ಕೆ ದುಡ್ಡು ಕಟ್ಟಿ ರಸೀದಿ ಪಡೆದವನು ಇವನೊಬ್ಬನೇ ಇರಬೇಕು.

ಅಷ್ಟರಲ್ಲಿ ಅಕ್ಕನ ಮಗಳು ಕೆಲಸ ಬದಲಾಯಿಸಿಕೊಂಡು ಬಂದು ಮೇಲಿನ ಮನೆ ಸೇರಿಕೊಂಡಳು. ಆಸ್ಪತ್ರೆಯಲ್ಲಿ ನರ್ಸು. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ಅಮ್ಮನ ಜಗಳ ಮಗಳಿಗೂ ಬಳುವಳಿ ಬಂದಿದೆ ಎಂದು ಇವನು ಹಲ್ಲು ಕಚ್ಚಿದ. ಆಮೇಲಿನ ತಿಂಗಳು ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, ಇನ್ನು ಮೇಲೆ ನೀವು ಬರುವುದೇ ಬೇಡ, ಈ ಮೀಟರಿನ ಬಿಲ್ಲು ಬ್ಯಾಂಕ್ ಖಾತೆಯಿಂದ ತಾನಾಗಿ ಪಾವತಿಯಾಗುತ್ತದೆ ಎಂದಳು. ಯಾರ ಖಾತೆ ಎಂದು ಕೇಳಿದ. ಅಕ್ಕನ ಹೆಸರು ಹೇಳಿದಳು. ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ, ಅದೃಷ್ಟವಂತರು ನೀವು ಎಂದ. ಸೋಫಾದವನು ಅವನನ್ನು ನುಂಗುವಂತೆ ನೋಡಿದ.

ಇದ್ದ ಒಂದು ಎಳೆಯನ್ನೂ ಅವಳು ಕತ್ತರಿಸಿ ಹಾಕಿದಳು ಎಂದೇ ಅವನಿಗೆ ಅನ್ನಿಸಿತು. ಸಂಕಟವಾಯಿತು, ಆದರೆ ಸಂಕಟವನ್ನು ಕೋಪ ಮಾಡಿಕೊಳ್ಳುವುದರಲ್ಲಿ ಅವನು ಪಳಗಿದವನು. ನೆಟ್ಟಗೆ ಬ್ಯಾಂಕಿಗೆ ಹೋಗಿ, ಆ ಬಿಲ್ಲು ನನ್ನ ಖಾತೆಯಿಂದ ಹೋಗಲಿ ಎಂದ. ಬ್ಯಾಂಕಿನ ಹುಡುಗಿ ಸಮಾಧಾನವಾಗಿ ವಿವರಿಸಿದಳು. ಒಂದು ಮೀಟರಿಗೆ ಒಂದೇ ಖಾತೆ. ಈಗಿರುವುದನ್ನು ಖಾತೆಯವರೇ ರದ್ದು ಮಾಡಬೇಕು. ಹಾಗಾದರೆ ಅರ್ಧ ದುಡ್ಡು ತಿಂಗಳು ತಿಂಗಳು ಅವಳಿಗೆ ತಾನಾಗಿ ಹೋಗುವ ಹಾಗೆ ಮಾಡಿ ಎಂದ. ಅದಕ್ಕೆ ಅವರ ಖಾತೆ ನಂಬರ್ ಬೇಕು, ಕೇಳಿಕೊಂಡು ಬನ್ನಿ, ಒಂದೇ ಮನೆಯವರಲ್ಲವೇ ಎಂದಳು ಅವಳು.

ಹೀಗೆ ಅವನು ಕೊನೆಗೂ ಮೆಟ್ಟಿಲು ಹತ್ತಿದ. ಹತ್ತುತ್ತ, ಏನೇನು ಅನ್ನಬೇಕೆಂದು ಒಂದೊಂದೇ ಮಾತು ಜೋಡಿಸಿಕೊಂಡ. ಬಿಲ್ಲು ನೆಪ ಮಾತ್ರ. ಅಂದು ಆಡಿದ ಮಾತನ್ನು ಇವತ್ತು ಅವಳ ಬಾಯಿಂದಲೇ ಸುಳ್ಳು ಎನ್ನಿಸದೆ ಇಳಿಯಬಾರದು ಎಂದುಕೊಂಡ.

ಬಾಗಿಲು ತೆಗೆದವಳು ಅಕ್ಕನ ಮಗಳು. ಅವನು ಕೂರಲಿಲ್ಲ. ನನ್ನ ಸರದಿಯನ್ನು ನನಗೆ ಹೇಳದೆ ಕೇಳದೆ ಹೇಗೆ ತೆಗೆದಿರಿ, ಅಷ್ಟು ಬೇಡವಾದೆನೇ ಎಂದು ಶುರು ಮಾಡಿದ. ಅವಳು ಪೂರ್ತಿ ಹೇಳಲು ಬಿಟ್ಟಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಮಾಮ, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?"

"ಏನು ಗೊತ್ತಿಲ್ಲ?"

"ಅಮ್ಮಂಗೆ ಮರೆವು ಬಂದಿದೆ. ಹೋದ ತಿಂಗಳು ತಾನೇ ಕಟ್ಟಿದ್ದು ಮರೆತು ಮತ್ತೆ ಕಟ್ಟೋಕೆ ಹೋಗ್ತಿದ್ಲು, ಒಂದೊಂದ್ಸಲ ಕಟ್ಟೋದೇ ಮರೀತಿದ್ಲು. ಒಂದಿನ ಕೌಂಟರ್‌ಗೆ ಹೋದೋಳು ಮನೆ ದಾರಿ ತಿಳೀದೆ ಅಲ್ಲೇ ಕೂತಿದ್ಲು. ಅದಕ್ಕೇ ನಾನು ಬ್ಯಾಂಕಲ್ಲಿ ಹಾಕ್ಸಿದ್ದು. ನಿಮಗೆ ಗೊತ್ತಿದ್ದೂ ಬರ್ತಿಲ್ಲ ಅಂದ್ಕೊಂಡಿದ್ದೆ."

ತಾನು ಅವಮಾನವೆಂದು ಎಣಿಸಿದ ಒಂದೊಂದು ರಸೀದಿಯೂ ಅವನ ಕಣ್ಣ ಮುಂದೆ ಬಂತು. ಕಾಯಿಲೆ ಅವನ ಬಾಗಿಲ ಪಕ್ಕದ ಆ ಮೊಳೆಯಲ್ಲೇ ತೂಗುತ್ತಿತ್ತು. ಅವನು ಅದನ್ನು ಜಗಳವೆಂದು ಓದಿದ್ದ. ಹೋದ ವರ್ಷವೇ ಒಂದು ಮಧ್ಯಾಹ್ನ ಅಕ್ಕ ಅವನ ಸೋಫಾ ಅಂಗಡಿಯ ಹೊರಗೆ ಬಂದು ಸುಮ್ಮನೆ ನಿಂತಿದ್ದಳು. ಇವನು ಬಾಯಲ್ಲಿ ಮೊಳೆ ಇಟ್ಟುಕೊಂಡು ತಲೆ ಎತ್ತದೆ ಕೆಲಸ ಮಾಡಿದ್ದ. ದಾರಿ ಕೇಳಲು ಬಂದಿದ್ದಳೋ, ತಮ್ಮನನ್ನು ನೋಡಲು ಬಂದಿದ್ದಳೋ, ಇನ್ನು ಅದನ್ನು ತಿಳಿಯುವುದು ಸಾಧ್ಯವಿರಲಿಲ್ಲ.

ಒಳಗಿನ ಕೋಣೆಯಿಂದ ಅಕ್ಕ ಕರೆದಳು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು, ತಲೆ ಬಾಚಿ ಜಡೆ ಹಾಕಿದ್ದರು. ಮುಖದಲ್ಲಿ ಮುನಿಸಿನ ಸುಳಿವೇ ಇರಲಿಲ್ಲ.

"ಬಾರೋ, ಯಾಕೆ ಅಲ್ಲೇ ನಿಂತೆ? ಅಮ್ಮನ್ನ ಒಬ್ಬಳನ್ನೇ ಬಿಟ್ಟು ಬಂದ್ಯಾ?"

ಅವನು ಅಕ್ಕನ ಮಗಳ ಕಡೆ ನೋಡಿದ. ಅವಳು ಮುಖ ತಿರುಗಿಸಿಕೊಂಡಳು.

"ಮಲಗಿದಾಳೆ ಅಕ್ಕ."

"ಏನಾದ್ರೂ ತಿಂದಳಾ?"

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. "ತಿಂದಳು ಅಕ್ಕ, ಹೊಟ್ಟೆ ತುಂಬ ತಿಂದಳು," ಎಂದ.

"ಹಾಗಾದ್ರೆ ಸರಿ," ಎಂದಳು ಅಕ್ಕ. ಒಂದು ಗಳಿಗೆಯೂ ಯೋಚಿಸದೆ, ಅವನು ಹೇಳಿದ್ದನ್ನು ಹಾಗೇ ನಂಬಿಬಿಟ್ಟಳು.