ತಲೆಯಾಡಿಸುವ ತಾಯಿ

ಮಕ್ಕಳ ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಗೊಂಬೆಯಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆ ಹೊಲಿಯುವುದು ಅವರ ಕಸುಬು. ವಾರಕ್ಕೆರಡು ಮಧ್ಯಾಹ್ನ ಮಾತ್ರ ಕಾಯಿಲೆಯ ಮಗುವಿನ ತಾಯಿಯ ವೇಷ. ವೈದ್ಯರೇ ಅಪರೂಪವಾದ ದೂರದ ದೇಶಗಳಿಗೆ ಹೊರಡುವ ಮಕ್ಕಳ ವೈದ್ಯರು ಮೊದಲು ಅವರೆದುರು ಕುಳಿತು, ತಾಯಿಗೆ ಮದ್ದು ತಿಳಿಸಿಕೊಡುವ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು. ಮಡಿಲಲ್ಲಿ ತಾವೇ ಹೊಲಿದು ಮರಳು ತುಂಬಿದ ಗೊಂಬೆ.

"ನಾನು ಹೆತ್ತವನಿಗಿಂತ ಇದೇ ವಾಸಿ, ಎದುರುತ್ತರ ಕೊಡಲ್ಲ" ಎಂದು ನಗುತ್ತಿದ್ದರು.

ಆ ಹೆತ್ತವನಿಂದಲೇ ಈ ಕೆಲಸ ಬಂದದ್ದು. ಎಳೆಯನಿದ್ದಾಗ ಅವನಿಗೆ ಭೇದಿಯಾಗಿ, ವೈದ್ಯೆಯೊಬ್ಬರು ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣ ಕೊಟ್ಟು, ಒಂದು ಲೀಟರ್ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಲು ಹೇಳಿದ್ದರು. ತಾಯಿ ಹೂಂ ಹೂಂ ಎಂದು ತಲೆಯಾಡಿಸಿ, ಮನೆಗೆ ಹೋಗಿ ಇಡೀ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರು. ಉಪ್ಪು ಅತಿಯಾಗಿ ಮಗು ಉಳಿದದ್ದೇ ಹೆಚ್ಚು. ಆ ವೈದ್ಯೆ ಮುಂದೆ ತರಬೇತಿಯ ಮುಖ್ಯಸ್ಥೆಯಾದಾಗ ಇವರಿಗೇ ಹೇಳಿಕಳಿಸಿದರು: "ನೀವು ನಟನೆ ಮಾಡೋದು ಬೇಡ. ಅವತ್ತಿನ ಹಾಗೇ ತಲೆ ಆಡಿಸಿ, ಸಾಕು."

ಒಂದು ವರ್ಷ ಚಿಗರೆ ಬಂದಳು. ಜಿಂಕೆಯಂತೆ ಸದಾ ಓಡುತ್ತಲೇ ಇರುತ್ತಿದ್ದ ಆ ತರುಣ ವೈದ್ಯೆಗೆ ಗೊಂಬೆಯಮ್ಮನೇ ಇಟ್ಟ ಹೆಸರದು. ಬಿಡುವಾದಾಗಲೆಲ್ಲ ಹೊಲಿಗೆಯಂಗಡಿಗೆ ಬಂದು ಹರಟುತ್ತಿದ್ದಳು. ಮೊದಲ ಪರೀಕ್ಷೆಯಲ್ಲಿ ಅವಳು ಫೇಲಾಗಿದ್ದಳು. ಎರಡನೆಯದೂ ಹೋದರೆ ಅವಳ ಜಾಗ ಬೇರೆಯವರಿಗೆ. ಮತ್ತೊಂದು ವರ್ಷ ಕಾಯಬೇಕು.

ಎರಡನೆಯ ಸಲ ಚಿಗರೆ ಸೊಗಸಾಗಿ ವಿವರಿಸಿದಳು. ಮೇಜಿನ ಮೇಲೆ ಪೊಟ್ಟಣ, ಲೋಟ, ನೀರಿನ ಪಾತ್ರೆ ಇದ್ದವು. "ಎಲ್ಲಿ, ಬೆರೆಸಿ ತೋರಿಸಿ" ಎಂದು ತಾಯಿಯನ್ನು ಕೇಳಿದ್ದರೆ ಮುಗಿಯುತ್ತಿತ್ತು, ಪಾಸು.

"ತಿಳೀತಾ ಅಮ್ಮಾ?"

"ತಿಳೀತು ಡಾಕ್ಟ್ರೇ."

ಗೊಂಬೆಯಮ್ಮನ ಬೆರಳು ಪೊಟ್ಟಣದತ್ತ ಸರಿಯಿತು. ಒಂದಿಷ್ಟು ಮುಂದೆ ತಳ್ಳಿದರೂ ಹುಡುಗಿಗೆ ಹೊಳೆದೀತು. ಬೆರಳನ್ನು ಹಿಂದಕ್ಕೆಳೆದು ಗೊಂಬೆಯನ್ನು ತಟ್ಟುತ್ತ ಕುಳಿತರು. ಸಮಯ ಮುಗಿದ ಗಂಟೆ ಹೊಡೆಯಿತು. ಚಿಗರೆ ಮತ್ತೆ ಫೇಲು.

ಹೊರಗೆ ಚಿಗರೆ ಅಡ್ಡಗಟ್ಟಿದಳು. "ಒಂದೇ ಒಂದ್ಸಲ ಕಣ್ಣು ಮಿಟುಕಿಸಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅಲ್ಲಿರೋ ತಾಯಂದಿರು ಮಿಟುಕಿಸ್ತಾರಾ ಮಗಳೇ? ಡಾಕ್ಟ್ರ ಎದುರಿಗೆ ತಿಳೀಲಿಲ್ಲ ಅನ್ನೋಕೆ ಎಷ್ಟು ನಾಚಿಕೆ ಗೊತ್ತಾ? ನನ್ನ ಕೇಳು."

ಹುಡುಗಿ ಮುಖ ಊದಿಸಿಕೊಂಡು ಹೋದವಳು ಮೂರು ವಾರ ಅಂಗಡಿಯತ್ತ ಸುಳಿಯಲಿಲ್ಲ. ಗೊಂಬೆಯಮ್ಮನಿಗೆ ಊಟ ರುಚಿಸಲಿಲ್ಲ. "ನೀನೇ ಫೇಲಾದ ಹಾಗಿದೀಯಲ್ಲಮ್ಮ" ಎಂದು ಮಗ ಛೇಡಿಸಿದ.

ಒಂದು ಮಧ್ಯಾಹ್ನ ಚಿಗರೆ ಏದುಸಿರು ಬಿಡುತ್ತ ಅಂಗಡಿಯ ಮೆಟ್ಟಿಲೇರಿದಳು.

"ಅಮ್ಮಾ, ಕೆಳಗಿನ ವಾರ್ಡಲ್ಲಿ ಒಬ್ಬ ತಾಯಿಗೆ ಮನೇಲಿ ಪುಡಿ ಬೆರೆಸೋದನ್ನ ಎರಡು ದಿನದಿಂದ ನಾನೇ ಹೇಳ್ಕೊಡ್ತಿದ್ದೆ. ಎರಡು ದಿನವೂ ಹೂಂ ಅಂದ್ರು. ಇವತ್ತು ಬೆರೆಸಿ ತೋರಿಸಿ ಅಂದೆ."

ಗೊಂಬೆಯಮ್ಮ ಯಂತ್ರ ನಿಲ್ಲಿಸಿದರು. "ಒಂದೇ ಲೋಟಕ್ಕಾ?"

"ಅರ್ಧ ಲೋಟಕ್ಕೆ."

"ಮಗು ಹೇಗಿದೆ?"

"ಸದ್ಯ, ಮನೆಗೆ ಕಳಿಸೋ ಮೊದಲೇ ಕೇಳಿದೆ. ಚೆನ್ನಾಗಿದೆ."

"ತಾಯಿನ ಗದರಿದ್ಯಾ?"

"ಇಲ್ಲಮ್ಮ. ನಾನು ಸರಿಯಾಗಿ ಹೇಳಲಿಲ್ಲ, ಇಬ್ರೂ ಸೇರಿ ಮಾಡೋಣ ಅಂದೆ."

ಗೊಂಬೆಯಮ್ಮ ಸೆರಗಿನಿಂದ ಸ್ಟೂಲಿನ ಮೇಲಿದ್ದ ದಾರದ ಚೂರುಗಳನ್ನು ಕೊಡವಿದರು.

"ಇನ್ನೊಂದು ವರ್ಷ ಇಲ್ಲೇ ಇರ್ತೀಯಲ್ಲ, ಕೂತ್ಕೋ" ಎಂದರು.