ಮುಚ್ಚದೆ ಉಳಿದ ಒಂದು ಕಾಮೆಂಟು

ನಿನ್ನೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಹುರಿಯುವ ವಾಸನೆ ಬಂತು. ಬಿಸಿ ಮರಳಿನದ್ದೂ ಬೆರೆತ ವಾಸನೆ. ಕೊಳ್ಳಲು ಮನಸ್ಸಾಗಲಿಲ್ಲ. ತೋವಿನಕೆರೆಯ ಮನೆಗೆ ಬಂದವಳೇ ಆ ಬೇಸಿಗೆಯ ಡೈರಿ ತೆಗೆದೆ.

ಆಗ ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಕಣ್ಣು ಕಾಣದವರಿಗೆ ಕನ್ನಡ ಪುಸ್ತಕ ಓದಿ ಹೇಳುವ ತಂತ್ರಾಂಶವೊಂದನ್ನು ಓಪನ್ ಸೋರ್ಸ್ ಬಳಗ ಕಟ್ಟುತ್ತಿತ್ತು. ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಒಬ್ಬೊಬ್ಬರಿಗೆ ಕೋಡ್ ನೋಡಿ ತಿದ್ದಿಸುವ ಒಬ್ಬ ಮೆಂಟರ್ ಕೊಡುತ್ತಿದ್ದರು. ನನಗೆ ಸಿಕ್ಕವರು ಗೌಡಗೆರೆಯ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು, ಉಳಿದ ಹೊತ್ತೆಲ್ಲ ಈ ಕೆಲಸ.

ಡೈರಿಯಲ್ಲಿ ಮೂರು ಕಾಲಂ ಗೀಚಿದ್ದೆ: ಕೋಡ್ ಕಳಿಸಿದ ದಿನ, ಅಕ್ಕನ ಉತ್ತರ ಬಂದ ದಿನ, ತಿದ್ದಬೇಕಾದ ಕಡೆಯೆಲ್ಲ ಅವರು ಬರೆದ ಕಾಮೆಂಟುಗಳ ಲೆಕ್ಕ. ಮೊದಲ ಸಾಲಿನಲ್ಲೇ ಹತ್ತೊಂಬತ್ತು. ಅವತ್ತು ಅತ್ತುಬಿಟ್ಟಿದ್ದೆ. ಅಕ್ಕನೇ ಫೋನ್ ಮಾಡಿ, “ಇನ್ನೊಂದು ಸಿಕ್ಕಿತ್ತು ಕಣಮ್ಮ, ಇಪ್ಪತ್ತಾಯ್ತದೆ ಅಂತ ಬುಟ್ಬುಟ್ಟೆ” ಎಂದು ನಗಿಸಿದರು.

ಅವರನ್ನು ನೋಡಿದ್ದು ಒಂದೇ ಸಲ. ಗೌಡಗೆರೆಯ ಮನೆಯಲ್ಲಿ ಮರಳಲ್ಲಿ ಕಡಲೆಕಾಯಿ ಹುರಿದು ಮೊರದ ತುಂಬ ಸುರಿದಿದ್ದರು. ತುಂಬ ಸೊರಗಿದ್ದರು. ಕೇಳಿದರೆ, “ರಕ್ತ ಕಮ್ಮಿ ಅಷ್ಟೇ” ಅಂದರು. ನಾನೂ ಅಷ್ಟೇ ಅಂದುಕೊಂಡೆ... ಅವರ ಎರಡು ಕಾಮೆಂಟುಗಳಂತೆ ಕೋಡ್ ತಿದ್ದಿ, ನಾನೇ ‘ಮುಗಿಯಿತು’ ಎಂದು ಅವನ್ನು ಮುಚ್ಚಿದ್ದೆ. ಅದಕ್ಕೆ ಬೈಸಿಕೊಂಡೆ. ತಿದ್ದಲು ಕೇಳಿದವರೇ ಮುಚ್ಚಬೇಕು, ಅದು ಬಳಗದ ಪದ್ಧತಿ. “ನಾನು ಹೂಂ ಅನ್ನೋಗಂಟ ನೀನು ಬಾಗ್ಲು ಹಾಕ್ಬಾರ್ದು ಕಣಮ್ಮ.”

ಕೊನೆಯ ವಾರಗಳಲ್ಲಿ ಅಕ್ಕನ ಉತ್ತರ ನಿಂತಿತು. ಫೋನೂ ಎತ್ತಲಿಲ್ಲ. ಗಡುವಿನೊಳಗೆ ಕೋಡ್ ಒಪ್ಪಿಗೆಯಾಗದಿದ್ದರೆ ನಾನು ಫೇಲು. ಉತ್ತರದ ಕಾಲಂನಲ್ಲಿ ದಿನಕ್ಕೊಂದು ಕೆಂಪು ಸೊನ್ನೆ ಹಾಕುತ್ತ ಹೋದೆ. ಒಂಬತ್ತಾದವು. ಆ ಪುಟದ ಫೋಟೋ ತೆಗೆದು, ಎಲ್ಲರೂ ಓದುವ ಗುಂಪಿನಲ್ಲಿ ಹಾಕಿ ಬರೆದೆ: ‘ನನ್ನ ಮೆಂಟರ್ ಒಂಬತ್ತು ದಿನದಿಂದ ಉತ್ತರಿಸಿಲ್ಲ. ಬೇರೆಯವರನ್ನು ಕೊಡಿ.’

ಮರುದಿನ ಬೆಳಿಗ್ಗೆ ಅಕ್ಕ ಆನ್‌ಲೈನ್ ಬಂದರು. ಹಳೆಯ ಕಾಮೆಂಟುಗಳನ್ನೆಲ್ಲ ನೋಡಿ ಮುಚ್ಚಿದರು. ಕೊನೆಗೆ ಹೊಸದೊಂದನ್ನು ಬರೆದರು: ‘ವಾಕ್ಯ ಮುಗಿದ ಮೇಲೆ ಓದೋ ದನಿ ಇನ್ನೊಂಚೂರು ನಿಲ್ಲಲಿ. ಕೇಳೋರು ಉಸಿರು ತಗೋಬೇಡ್ವಾ?’

ತಿದ್ದಿ ಕಳಿಸಿದೆ. ಅಕ್ಕ ನೋಡಲಿಲ್ಲ. ಗಡುವಿನ ದಿನ ಬೇರೊಬ್ಬ ಮೆಂಟರ್ ಕೋಡನ್ನು ಒಪ್ಪಿಕೊಂಡರು. ನಾನು ಪಾಸಾದೆ.

ಅಕ್ಕ ತೀರಿಕೊಂಡ ವಿಷಯ ತಿಳಿದು ಗೌಡಗೆರೆಗೆ ಹೋದಾಗ ಅವರಮ್ಮ ಹೇಳಿದರು, ಆ ಬೆಳಿಗ್ಗೆ ಅಕ್ಕ ಇದ್ದದ್ದು ತುಮಕೂರಿನ ಆಸ್ಪತ್ರೆಯಲ್ಲಂತೆ. “ಒಂದು ಕೈಗೆ ಡ್ರಿಪ್ಪು, ಇನ್ನೊಂದು ಕೈಲಿ ಟೈಪು ಮಾಡ್ತಿದ್ಲು. ‘ನನ್ ಹುಡ್ಗಿ ದಿನ ಎಣ್ಸಿರೋದು ಕರೆಕ್ಟಾಗೈತೆ’ ಅಂತ ನಗಾಡ್ತಿದ್ಲು ಕಣವ್ವ...”

ಅವರು ನನ್ನ ಮುಖ ನೋಡಿ ಹೇಳಿದರು. ಒಂಬತ್ತು ಸೊನ್ನೆ ಹಾಕಿದವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈ ಬೇಸಿಗೆ ನಾನೇ ಮೆಂಟರ್. ಪಾವಗಡದ ಹುಡುಗಿಯೊಬ್ಬಳು ಇವತ್ತು ಫೋನ್ ಮಾಡಿದ್ದಳು. “ಅಕ್ಕಾ, ಇಲ್ಲೊಂದು ಹಳೇ ಕಾಮೆಂಟು ಹಂಗೇ ಓಪನ್ ಐತೆ, ‘ಉಸಿರು ತಗೋಬೇಡ್ವಾ’ ಅಂತ. ತಿದ್ದಿನೂ ಆಗೈತೆ. ಮುಚ್ಬುಡ್ಲಾ?”

“ಬೇಡಮ್ಮ, ಕೇಳಿದವರೇ ಮುಚ್ಚಬೇಕು” ಎಂದೆ.

ಡೈರಿಯ ಕೊನೆಯ ಸಾಲಿನಲ್ಲಿ ಅದನ್ನು ತಿದ್ದಿ ಕಳಿಸಿದ ದಿನ ಇದೆ. ಉತ್ತರ ಬಂದ ದಿನದ ಜಾಗ ಖಾಲಿ. ಅಲ್ಲಿ ಸೊನ್ನೆ ಹಾಕಲು ಕೈ ಬಂದಿಲ್ಲ.